ಅಣ್ಣನ ಗುಳಿಗೆ, ತಮ್ಮನ ಮೋಜು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಈ ಸೀಮೆಯಲ್ಲಿ ನಮ್ಮ ಜನ ವಿರಳ. ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಎರಡು. ಹೀಗಾಗಿ ಇಲ್ಲಿ ತಿರುಗಾಡುವ ಧರ್ಮಗುರುವಿಗೆ ಪ್ರತಿ ಮನೆಯ ಒಳಹೊರಗು ತಿಳಿದಿರುತ್ತದೆ. ತಿಳಿದಿದೆ ಎಂಬ ಅಹಂಕಾರವೂ ಜೊತೆಗೆ ಬರುತ್ತದೆ. ನನ್ನ ಆ ಅಹಂಕಾರ ಮುರಿದ ಒಂದು ಘಟನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಆ ತಾಯಿ ಬಾಗಿಲಲ್ಲಿ ನಿಂತು ಹೇಳಿದ್ದು, ಆಕೆಯ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ.

ಆಕೆಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಇಪ್ಪತ್ತನೆಯ ವಯಸ್ಸಿಗೆ ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದ. ಯಾರೋ ಬೈಯುತ್ತಿದ್ದಾರೆ, ಅನ್ನದಲ್ಲಿ ವಿಷ ಹಾಕುತ್ತಿದ್ದಾರೆ ಎಂದು ಹೆದರಿ ಮೂಲೆ ಸೇರಿದ. ದೇವರು ದೊಡ್ಡವನು, ಆ ಮನೆಯವರು ಬೇಗ ಮನೋವೈದ್ಯರ ಬಳಿಗೆ ಹೋದರು. ಗುಳಿಗೆ ಹಿಡಿಸಿತು. ಹುಡುಗ ಮತ್ತೆ ಮಗ್ಗದ ಮುಂದೆ ಕುಳಿತ. ಹೀಗೆ ಮೂರು ವರ್ಷ ನಡೆಯಿತು. ಒಂದು ರವಿವಾರ ಪೂಜೆ ಮುಗಿದ ಮೇಲೆ ತಾಯಿ ಬಂದು, "ಫಾದರ್, ತಿಂಗಳಿಗೆ ತಂದ ಗುಳಿಗಿ ಇಪ್ಪತ್ತು ದಿನಕ್ಕ ಖಾಲಿ ಆಗಾಕತ್ತಾವ್ರಿ. ಮತ್ತ ಅಂವ ರಾತ್ರಿ ಒಬ್ಬನ ಮಾತಾಡಾಕತ್ತಾನ" ಎಂದಳು. ನಾನು ಯೋಚಿಸದೆ ಉತ್ತರ ಕೊಟ್ಟೆ: "ಅಂವ ನುಂಗೂದಿಲ್ಲವ್ವ, ಎಲ್ಲೋ ಒಗೀತಾನ. ನೀನ ಮುಂದ ನಿಂತು ನುಂಗಿಸು." ಆಕೆ ಹೋಗಿ ಮಗನನ್ನು ಗದರಿಸಿದಳು. ಅವನು ಅತ್ತನಂತೆ. "ನಾ ಒಗದಿಲ್ಲವ್ವಾ. ಡಬ್ಬ್ಯಾಗ ಗುಳಿಗೀನ ಇರೂದಿಲ್ಲ" ಎಂದನಂತೆ. ಹುಚ್ಚನ ಮಾತನ್ನು ಯಾರು ನಂಬುತ್ತಾರೆ? ತಾಯಿ ನಂಬಲಿಲ್ಲ. ನಾನೂ ನಂಬಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಕಬ್ಬಿನ ಸುಗ್ಗಿಯ ಕಾಲ. ರಾತ್ರಿ ಎಂಟರ ಸುಮಾರಿಗೆ ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ನಾಲ್ಕು ಜನ ಎತ್ತಿಕೊಂಡು ಬಂದರು. ಕುತ್ತಿಗೆ ಒಂದು ಕಡೆಗೆ ತಿರುಚಿ ನಿಂತಿತ್ತು, ಕಣ್ಣುಗುಡ್ಡೆ ಮೇಲೆ ಸಿಕ್ಕಿಬಿದ್ದಿತ್ತು, ನಾಲಿಗೆ ಹೊರಬಂದು ಮಾತು ತೊದಲುತ್ತಿತ್ತು. ದೆವ್ವ ಬಡಿದಿದೆ ಎಂದರು ಕೆಲವರು. ಕೈಯಿಟ್ಟು ಪ್ರಾರ್ಥನೆ ಮಾಡಿರಿ ಫಾದರ್ ಎಂದರು ಕೆಲವರು. ಪ್ರಾರ್ಥನೆ ಮಾಡಿದೆ, ಮಾಡುತ್ತಲೇ ಗಾಡಿ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ನೋಡಿದ ಕೂಡಲೇ, "ಯಾವ ಗುಳಿಗಿ ತಗೊಂಡಿ?" ಎಂದು ಕೇಳಿದರು. ಒಂದು ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯೊಳಗೆ ಕುತ್ತಿಗೆ ನೆಟ್ಟಗಾಯಿತು. ಆಗ ಹೊರಬಿತ್ತು ಸತ್ಯ. ಆ ತಾಯಿಯ ಕಿರಿಯ ಮಗ ಅಣ್ಣನ ಡಬ್ಬಿಯಿಂದ ಗುಳಿಗೆ ಕದ್ದು, ಗೆಳೆಯರೊಂದಿಗೆ ಕಬ್ಬಿನ ಹೊಲದ ಬದುವಿನಲ್ಲಿ ಕುಳಿತು ನಶೆಗಾಗಿ ನುಂಗುತ್ತಿದ್ದ. ಅದೇ ವಾರ ಅಣ್ಣನ ಕಾಯಿಲೆ ಪೂರ್ತಿ ಮರುಕಳಿಸಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು.

ಕಿರಿಯವನನ್ನು ಕರೆದು ಕೇಳಿದೆ. ಅವನು ಕೆಟ್ಟ ಹುಡುಗನಲ್ಲ. "ನಾವೇನ್ ಗಾಂಜಾ ಸೇದಿಲ್ರಿ ಫಾದರ್. ಡಾಕ್ಟರ್ ಬರದ್ ಕೊಟ್ಟ ಔಷಧಾನ ಅಲ್ರಿ ಅದು? ಒಂದೀಟು ಮೋಜು. ಯಾರಿಗೇನ್ ತ್ರಾಸ ಮಾಡೇವಿ?" ಎಂದ. ಈ ಮೂರು ಮಾತುಗಳೇ ಇಂದಿನ ಲೇಖನಕ್ಕೆ ಕಾರಣ. ಔಷಧವೇ ತಾನೇ? ಬರೀ ಮೋಜು ತಾನೇ? ಯಾರಿಗೆ ತೊಂದರೆ? ಒಂದೊಂದಾಗಿ ವಿಚಾರ ಮಾಡೋಣ.

ಮೊದಲನೆಯದು: ಔಷಧವೇ ತಾನೇ?

ಹೌದು, ಔಷಧ. ಎಂಥ ಔಷಧ ಎಂಬುದನ್ನು ಅರಿಯಬೇಕು. ಶುಭಸಂದೇಶಕಾರ ಸಂತ ಮಾರ್ಕನು ಐದನೆಯ ಅಧ್ಯಾಯದಲ್ಲಿ ಗೆರಸೇನರ ನಾಡಿನ ಒಬ್ಬ ಮನುಷ್ಯನನ್ನು ತೋರಿಸುತ್ತಾನೆ. ಸಮಾಧಿಗಳ ನಡುವೆ ವಾಸ, ಹಗಲಿರುಳು ಕೂಗಾಟ, ಕಲ್ಲಿನಿಂದ ತನ್ನನ್ನೇ ಜಜ್ಜಿಕೊಳ್ಳುವುದು. ಊರಿನವರು ಅವನಿಗೆ ಮಾಡಿದ್ದು ಒಂದೇ ಉಪಚಾರ, ಸರಪಳಿ. ಯೇಸುಸ್ವಾಮಿ ಗುಣಪಡಿಸಿದ ಮೇಲೆ ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯಿಂದ ಕುಳಿತಿದ್ದನು ಎಂದು ಓದುತ್ತೇವೆ. ಸರಪಳಿಯ ಉಪಚಾರ ಆ ಕಾಲಕ್ಕೇ ಮುಗಿಯಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಿಹೋಗಲಾರದೆ 28 ಮಂದಿ ಸುಟ್ಟು ಸತ್ತರು.

ಈ ಸರಪಳಿಯನ್ನು ಬಿಚ್ಚಲು ದೇವರು ಮನುಷ್ಯನ ಬುದ್ಧಿಗೆ ಕೊಟ್ಟ ಸಾಧನಗಳಲ್ಲಿ ಈ ಗುಳಿಗೆಗಳು ಮುಖ್ಯವಾದವು. ನಮ್ಮ ದೇಶದಲ್ಲಿ ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಡುವುದು ಹಳೆಯ ವಾಡಿಕೆ. 1931ರಲ್ಲಿ ಕಲಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಗುಣವನ್ನು ವೈದ್ಯಕೀಯ ಲೋಕಕ್ಕೆ ತಿಳಿಸಿದರು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಜ್ಯಾನ್ ಡಿಲೇ ಮತ್ತು ಪಿಯೆರ್ ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ತೀವ್ರ ಮಾನಸಿಕ ರೋಗಿಗಳಿಗೆ ಕೊಟ್ಟರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾಗಿ ಮಾತನಾಡಿದರು. ಆಮೇಲೆ ಇಂಥ ಔಷಧಗಳು ಒಂದರ ಹಿಂದೊಂದು ಬಂದವು. ನಮ್ಮ ನಾಡಿನಲ್ಲಿಯೂ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಾಮಾನ್ಯ ಆರೋಗ್ಯ ಕೇಂದ್ರಗಳಿಂದಲೇ ಈ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಔಷಧವನ್ನು ಪ್ರಭುವೇ ಭೂಮಿಯಿಂದ ಹುಟ್ಟಿಸಿದ್ದಾನೆ, ವಿವೇಕಿಯು ಅದನ್ನು ಕಡೆಗಣಿಸುವುದಿಲ್ಲ ಎಂಬ ಭಾವ ಸಿರಾಖನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಈ ಗುಳಿಗೆಗಳಿಗೂ ಅದು ಸಲ್ಲುತ್ತದೆ.

ಆದರೆ ಔಷಧ ಎಂಬ ಹೆಸರು ಆ ವಸ್ತುವಿಗೆ ಮಾತ್ರ ಅಂಟಿಕೊಂಡಿರುವುದಿಲ್ಲ. ರೋಗ, ರೋಗಿ, ಅಳತೆ, ನೋಡಿಕೊಳ್ಳುವ ವೈದ್ಯ, ಈ ನಾಲ್ಕೂ ಸೇರಿದಾಗ ಅದು ಔಷಧ. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿಯುವುದು ಬರೀ ರಾಸಾಯನಿಕ. ಶಸ್ತ್ರವೈದ್ಯರ ಕೈಯ ಚೂರಿ ಪ್ರಾಣ ಉಳಿಸುತ್ತದೆ. ಅದೇ ಚೂರಿಯನ್ನು ಹುಡುಗರು ಆಟಕ್ಕೆ ಹಿಡಿದರೆ, ಇದು ಆಸ್ಪತ್ರೆಯ ಚೂರಿ, ಏನೂ ಆಗುವುದಿಲ್ಲ ಎನ್ನುತ್ತೇವೆಯೇ? ಈ ಗುಳಿಗೆಗಳನ್ನು ನಮ್ಮ ಕಾನೂನು ಎಚ್ ಅನುಸೂಚಿಯಲ್ಲಿಟ್ಟು, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಹೇಳಿರುವುದು ಇದಕ್ಕಾಗಿಯೇ.

ಎರಡನೆಯದು: ಬರೀ ಮೋಜು ತಾನೇ?

ಇಲ್ಲಿ ಒಂದು ವಿಚಿತ್ರವಿದೆ. ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಸವಿದೆ. ಇಷ್ಟವಾದದ್ದರ ಕಡೆಗೆ ಮನಸ್ಸು ಎಳೆಯುವುದರಲ್ಲಿ, ಹುರುಪು ಹುಟ್ಟುವುದರಲ್ಲಿ, ಅಂಗಾಂಗಗಳು ಸಲೀಸಾಗಿ ಚಲಿಸುವುದರಲ್ಲಿ ಅದರ ಪಾಲು ದೊಡ್ಡದು. ಮನೋವಿಕಲತೆಯ ರೋಗಿಯಲ್ಲಿ ಅದರ ಆಟ ಹದ ತಪ್ಪಿರುತ್ತದೆ. ಈ ಗುಳಿಗೆ ಅದನ್ನು ತಡೆದು ಹದಕ್ಕೆ ತರುತ್ತದೆ. ಹದವಾಗಿಯೇ ಇದ್ದವನು ನುಂಗಿದರೆ? ಸಂತೋಷ ಹರಿಯುವ ಕಾಲುವೆಗೇ ಒಡ್ಡು ಹಾಕಿದಂತೆ. ಮೋಜಿಗಾಗಿ ನುಂಗುವವನು ಮೋಜಿನ ಬಾಗಿಲನ್ನೇ ಮುಚ್ಚಿಕೊಳ್ಳುತ್ತಾನೆ. ಅವನಿಗೆ ದಕ್ಕುವುದು ಮಂಕು, ಜೋಲಿ, ಮರವೆ. ಅದನ್ನೇ ಸುಖ ಎಂದು ಗೆಳೆಯರು ಹೇಳಿಕೊಟ್ಟಿರುತ್ತಾರೆ.

ಮಂಕಿನ ಜೊತೆಗೆ ಬರುವುದೇನು? ನಾನು ಆ ರಾತ್ರಿ ಕಂಡ ಹಾಗೆ ಕುತ್ತಿಗೆ, ದವಡೆ, ಕಣ್ಣು ಸೆಟೆದು ನಿಲ್ಲಬಹುದು. ಗಂಟಲಿನ ಸ್ನಾಯು ಹೀಗೆ ಬಿಗಿದರೆ ಉಸಿರಿಗೇ ಅಪಾಯ. ಕುಳಿತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಳಗಿನ ಚಡಪಡಿಕೆ ಹಿಡಿಯಬಹುದು. ರಕ್ತದೊತ್ತಡ ಇಳಿದು ಎದ್ದು ನಿಂತೊಡನೆ ಬೀಳಬಹುದು. ಹೃದಯದ ಬಡಿತದ ಲಯ ತಪ್ಪಬಹುದು. ಅಪರೂಪಕ್ಕೆ ಮೈ ಕಟ್ಟಿಗೆಯಂತೆ ಬಿಗಿದು, ಜ್ವರ ಏರಿ, ಪ್ರಜ್ಞೆ ತಪ್ಪಿ ಸಾವೂ ಬರಬಹುದು. ಸೆರೆಯ ಜೊತೆಗೆ, ನಿದ್ದೆಗುಳಿಗೆಯ ಜೊತೆಗೆ ನುಂಗಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಇನ್ನು ಈ ಔಷಧಗಳಿಂದ ಬರುವ ಸೆಟೆತವನ್ನು ಕಡಿಮೆ ಮಾಡಲೆಂದು ರೋಗಿಗೆ ಜೊತೆಯಲ್ಲಿ ಕೊಡುವ ಒಂದು ಚಿಕ್ಕ ಗುಳಿಗೆಯಿದೆ. ಅದರ ಹೆಸರನ್ನು ಬೇಕೆಂದೇ ಬರೆಯುವುದಿಲ್ಲ. ಅದನ್ನು ನಶೆಗಾಗಿ ನುಂಗುವವರು ಇಲ್ಲದ್ದನ್ನು ಕಾಣುತ್ತಾರೆ, ಎಲ್ಲಿದ್ದೇವೆಂದು ಮರೆಯುತ್ತಾರೆ, ನೆನಪಿನ ಶಕ್ತಿ ಕಳೆದುಕೊಳ್ಳುತ್ತಾರೆ. ಅಣ್ಣನನ್ನು ಹುಚ್ಚಿನಿಂದ ಹೊರತಂದ ಡಬ್ಬಿಯಿಂದಲೇ ತಮ್ಮ ಹುಚ್ಚನ್ನು ಕೊಂಡುಕೊಂಡಂತೆ.

ಇದು ಎಲ್ಲೋ ನಡೆದ ಅಪರೂಪದ ಕಥೆಯಲ್ಲ. ಇಂಥದೇ ಒಂದು ಔಷಧವನ್ನು ಅಮೆರಿಕದ ಲಾಸ್ ಏಂಜಲೀಸ್ ಸೆರೆಮನೆಯ ಕೈದಿಗಳು ನಶೆಗೆ ಬಳಸುತ್ತಿದ್ದುದನ್ನು ಅಲ್ಲಿನ ಮನೋವೈದ್ಯರು 2004ರಲ್ಲಿಯೇ ವರದಿ ಮಾಡಿದರು. ನಮ್ಮ ದೇಶದಲ್ಲಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ವೈದ್ಯರ ಸಲಹೆಯಿಲ್ಲದೆ ಮಂಕು ಬರಿಸುವ ಔಷಧಗಳನ್ನು ಬಳಸುವವರು ಸುಮಾರು 1.18 ಕೋಟಿ. ನಮ್ಮ ರಾಯಚೂರು ಕಡೆ ಮತ್ತು ಅದರಾಚೆಯ ತೆಲಂಗಾಣದಲ್ಲಿ ಸೇಂದಿಗೆ ನಿದ್ದೆಯ ಔಷಧ ಕಲಬೆರಕೆ ಮಾಡುವ ಪಿಡುಗನ್ನು ನೀವು ಕೇಳಿರಬಹುದು. 2015ರಲ್ಲಿ ತೆಲಂಗಾಣದಲ್ಲಿ ಆ ಕಲಬೆರಕೆಯನ್ನು ತಡೆದಾಗ, ಗೊತ್ತಿಲ್ಲದೆ ಅದಕ್ಕೆ ಒಗ್ಗಿಹೋಗಿದ್ದ ಬಡ ಕೂಲಿಕಾರರು ನಡುಗುತ್ತ, ಬಡಬಡಿಸುತ್ತ ಆಸ್ಪತ್ರೆ ಸೇರಿದರು.

ಆದರೆ ಅಪಾಯ ಒಂದೇ ನಮ್ಮ ವಾದವಾಗಬಾರದು. ಅಪಾಯವಿಲ್ಲದ ನಶೆ ಸಿಕ್ಕರೆ ಸರಿಯೇ ಎಂದು ಬುದ್ಧಿವಂತ ಹುಡುಗ ಕೇಳುತ್ತಾನೆ. ಕಾನಾ ಊರಿನ ಮದುವೆಯಲ್ಲಿ ಯೇಸುವೇ ದ್ರಾಕ್ಷಾರಸ ಕೊಡಲಿಲ್ಲವೇ ಎಂದೂ ಕೇಳುತ್ತಾನೆ. ಕೇಳಲಿ. ಸಂತ ತೋಮಸ್ ಅಕ್ವಿನಾಸರು ಸುಖವನ್ನು ಪಾಪವೆಂದು ಹೇಳಲಿಲ್ಲ. ಒಳ್ಳೆಯ ಕೆಲಸ ಪೂರ್ಣವಾದಾಗ ಅದರ ಜೊತೆಯಲ್ಲಿ ಬರುವುದೇ ಸುಖ ಎಂದು ಅವರು ಕಲಿಸಿದರು. ಸೀರೆ ನೇಯ್ದು ಮಗ್ಗದಿಂದ ಇಳಿಸುವಾಗ ನೇಕಾರನಿಗೆ ಆಗುವ ತೃಪ್ತಿ, ನೀರು ಹಾಯಿಸಿ ಬಂದು ರೊಟ್ಟಿ ಮುರಿಯುವಾಗ ರೈತನಿಗೆ ಆಗುವ ಸಂತೋಷ, ಇವು ಜೀವನದ ಹೊಕ್ಕಿನಲ್ಲಿ ಸೇರಿದ ಎಳೆಗಳು. ಹಾಸು ಇಲ್ಲದೆ ಹೊಕ್ಕು ಮಾತ್ರ ಬೇಕು ಎಂದರೆ ಬಟ್ಟೆಯಾಗುವುದಿಲ್ಲ. ಕೆಲಸವಿಲ್ಲದ, ಸ್ನೇಹವಿಲ್ಲದ, ಬರೀ ಗುಳಿಗೆಯಿಂದ ಹಿಂಡಿದ ಸುಖವೂ ಹಾಗೆಯೇ. ಕಾನಾದ ದ್ರಾಕ್ಷಾರಸ ಜನರನ್ನು ಒಂದು ಹಂದರದ ಕೆಳಗೆ ಕೂಡಿಸಿತು. ಕದ್ದು ನುಂಗಿದ ಗುಳಿಗೆ ಅವನನ್ನು ಮನೆಯಿಂದ, ತನ್ನಿಂದಲೇ ದೂರ ಒಯ್ಯುತ್ತದೆ.

ಹಾಗಾದರೆ ಬುದ್ಧಿಗೆ ಮಂಕು ಕವಿಯುವುದೇ ಪಾಪವೇ? ಅಲ್ಲ. ನಿದ್ದೆಯಲ್ಲಿಯೂ ಬುದ್ಧಿ ಕೆಲಸ ಮಾಡುವುದಿಲ್ಲ. ವಿವೇಕಕ್ಕೆ ಒಪ್ಪುವ ಕಾರಣಕ್ಕಾಗಿ ವಿವೇಕವನ್ನು ಸ್ವಲ್ಪ ಹೊತ್ತು ವಿಶ್ರಮಿಸಲು ಬಿಡುವುದು ತಪ್ಪಲ್ಲ, ಇಲ್ಲದಿದ್ದರೆ ಮಲಗುವುದೂ ತಪ್ಪಾಗುತ್ತಿತ್ತು ಎಂದು ಅದೇ ಸಂತ ತೋಮಸರು ವಾದಿಸಿದ್ದಾರೆ. ಆದ್ದರಿಂದ ಗುಳಿಗೆಯಿಂದ ತೂಕಡಿಸುತ್ತ ಪೂಜೆಯಲ್ಲಿ ಕುಳಿತ ರೋಗಿಯೇ, ನಿನ್ನಲ್ಲಿ ಯಾವ ದೋಷವೂ ಇಲ್ಲ. ಸಕಾರಣವಿಲ್ಲದೆ, ದೇವರು ತನ್ನ ಪ್ರತಿರೂಪವಾಗಿ ಕೊಟ್ಟ ಬುದ್ಧಿಯ ದೀಪವನ್ನು ತಾನೇ ಊದಿ ಆರಿಸುವುದು ದೋಷ. 1958ರ ಸೆಪ್ಟೆಂಬರ್ 9ರಂದು, ತಾವು ತೀರಿಕೊಳ್ಳುವುದಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು, ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಮನೋರೋಗದ ಔಷಧಗಳ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಬಂದವರನ್ನು ಉದ್ದೇಶಿಸಿ ಮಾತನಾಡಿದರು. ಈ ಹೊಸ ಔಷಧಗಳನ್ನು ಅವರು ಸ್ವಾಗತಿಸಿದರು. ಜೊತೆಗೇ, ಮನುಷ್ಯನು ತನ್ನ ದೇಹ ಮನಸ್ಸುಗಳಿಗೆ ಒಡೆಯನಲ್ಲ, ಅವುಗಳನ್ನು ಅವುಗಳ ಉದ್ದೇಶಕ್ಕೆ ತಕ್ಕಂತೆ ಬಳಸಬೇಕಾದವನು ಎಂಬ ಮಿತಿಯನ್ನೂ ನೆನಪಿಸಿದರು. 1992ರ ಕಥೋಲಿಕ ಧರ್ಮೋಪದೇಶವೂ ಔಷಧಗಳ ದುರುಪಯೋಗವನ್ನು ಮಿತಾಚಾರಕ್ಕೆ ವಿರುದ್ಧವೆಂದು ಹೆಸರಿಸಿ ಹೇಳುತ್ತದೆ.

ಮೂರನೆಯದು: ಯಾರಿಗೆ ತೊಂದರೆ?

ಕಾಯಿನನನ್ನು ದೇವರು ಕೇಳಿದ ಪ್ರಶ್ನೆ ಇಲ್ಲಿ ಅಕ್ಷರಶಃ ಬರುತ್ತದೆ: ನಿನ್ನ ಸಹೋದರ ಎಲ್ಲಿ? ಆಸ್ಪತ್ರೆಯಲ್ಲಿ. ಯಾಕೆ? ಅವನ ಹತ್ತು ದಿನದ ಮದ್ದು ಇವನ ಒಂದು ಸಂಜೆಯಾಯಿತು. ಹಾಗೆ ನೋಡಿದರೆ ಇದು ಮಿತಾಚಾರದ ವಿರುದ್ಧದ ಪಾಪವಷ್ಟೇ ಅಲ್ಲ, ನ್ಯಾಯದ ವಿರುದ್ಧದ ಪಾಪ. ಗುಳಿಗೆಯ ಜೊತೆಗೆ ಇನ್ನೊಂದನ್ನೂ ಕದ್ದಂತಾಯಿತು, ಅಣ್ಣನ ಮಾತಿನ ಮೇಲಿನ ನಂಬಿಕೆ. ಆ ಕಳವಿನಲ್ಲಿ ತಾಯಿಯೂ ನಾನೂ ಪಾಲುದಾರರು. ಇದರ ಪೆಟ್ಟು ಊರಿಗೂ ಬೀಳುತ್ತದೆ. ಗುಳಿಗೆ ನಶೆಯ ವಸ್ತು ಎಂಬ ಹೆಸರು ಬಂದರೆ, ನಿಜವಾದ ರೋಗಿ ಚೀಟಿ ಹಿಡಿದು ಅಂಗಡಿಗೆ ಹೋದಾಗ ಅವನನ್ನೂ ಕಳ್ಳನಂತೆ ನೋಡುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲವೆಂದು ಕಂಡುಬಂದಿತು. ಬಾಯಾರಿದವರು ಇಷ್ಟು ಜನ ಇರುವಲ್ಲಿ ನೀರು ಚೆಲ್ಲುವುದು ಆಟವೇ?

ಹಿರಿಯರೇ, ಹುಡುಗರನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ರೋಗಿಗಾಗಿ ಅಲ್ಲದೆ ನಮ್ಮ ಅನುಕೂಲಕ್ಕಾಗಿ ಈ ಗುಳಿಗೆ ಬಳಸಿದರೆ ಅದೂ ದುರುಪಯೋಗವೇ. ಹಿಂದಿನ ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದ ಆರೋಗ್ಯವಂತರನ್ನು ಹುಚ್ಚರೆಂದು ಹೆಸರಿಟ್ಟು ಆಸ್ಪತ್ರೆಗೆ ತಳ್ಳಿ, ಇಂಥ ಔಷಧಗಳನ್ನೇ ಶಿಕ್ಷೆಯಾಗಿ ಕೊಡುತ್ತಿದ್ದರು. 1977ರಲ್ಲಿ ಹೊನೊಲುಲುವಿನಲ್ಲಿ ಸೇರಿದ ವಿಶ್ವ ಮನೋವೈದ್ಯರ ಸಂಘ ಅದನ್ನು ಖಂಡಿಸಿತು. ಅದು ದೊಡ್ಡ ಅಧಿಕಾರದ ಪಾಪ. ಮರೆವಿನ ಕಾಯಿಲೆಯ ಮುದುಕಿ ರಾತ್ರಿ ಕೂಗುತ್ತಾಳೆಂದು ವೈದ್ಯರನ್ನು ಕೇಳದೆ ಯಾರದೋ ಗುಳಿಗೆಯನ್ನು ಹಾಲಿನಲ್ಲಿ ಅರೆದು ಕುಡಿಸುವುದು ಸಣ್ಣ ಮನೆಯ ಅದೇ ಪಾಪ. ಮರೆವಿನ ಕಾಯಿಲೆಯ ವೃದ್ಧರಿಗೆ ಈ ಔಷಧಗಳಿಂದ ಸಾವಿನ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಪ್ರಾರ್ಥನಾಕೂಟಕ್ಕೆ ಹೋಗಿಬಂದೆವು, ಇನ್ನು ಗುಳಿಗೆ ಬೇಡ ಎಂದು ಒಮ್ಮೆಲೇ ನಿಲ್ಲಿಸುವುದು. ಪ್ರಾರ್ಥನೆಯೂ ಔಷಧವೂ ಒಬ್ಬನೇ ದೇವರಿಂದ ಬಂದವು. ಅವು ಜಗಳವಾಡುವುದಿಲ್ಲ.

ಶಿಲುಬೆಗೇರಿಸುವ ಮೊದಲು ಯೇಸುಸ್ವಾಮಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟರೆಂದೂ ಅವರು ಅದನ್ನು ತೆಗೆದುಕೊಳ್ಳಲಿಲ್ಲವೆಂದೂ ಸಂತ ಮಾರ್ಕನು ಬರೆಯುತ್ತಾನೆ. ಇದನ್ನು ಓದಿ ನೋವಿನ ರೋಗಿಗೆ ಮದ್ದು ಬೇಡವೆಂದು ಹೇಳಬಾರದು. ಗಾಯಗೊಂಡವನಿಗೆ ಎಣ್ಣೆ ದ್ರಾಕ್ಷಾರಸ ಸುರಿದ ಸಮಾರಿತನನ್ನು ಹೊಗಳಿದವರು ಅವರೇ. ಆದರೆ ತಮಗಾಗಿ ಅವರು ಎಚ್ಚರವನ್ನೇ ಆರಿಸಿಕೊಂಡರು. ಎಚ್ಚರವಿದ್ದುದರಿಂದಲೇ ಪಕ್ಕದ ಕಳ್ಳನ ಮಾತು ಅವರಿಗೆ ಕೇಳಿಸಿತು, ತಾಯಿ ಮರಿಯಮ್ಮನವರನ್ನು ಶಿಷ್ಯನಿಗೆ ಒಪ್ಪಿಸಲಾಯಿತು. ರಾತ್ರಿಪಾಳಿಯಲ್ಲಿ ದಣಿದ, ಪರೀಕ್ಷೆಯಲ್ಲಿ ಸೋತ, ಮನೆಯ ಜಗಳದಲ್ಲಿ ಬೆಂದ ತರುಣನೇ, ನಿನ್ನ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಅದನ್ನು ಎಚ್ಚರದಿಂದ ಯಾರಿಗಾದರೂ ಹೇಳು. ಮಂಕಿನಲ್ಲಿ ಹೂಳಬೇಡ.

ಮನೆಗಳಲ್ಲಿ ಮಾಡಬೇಕಾದ್ದು ಇಷ್ಟು. ಗುಳಿಗೆಯ ಡಬ್ಬಿಗೆ ಕೀಲಿ ಹಾಕಿ, ವಾರಕ್ಕೊಮ್ಮೆ ಎಣಿಸಿ. ಎಣಿಕೆ ತಪ್ಪಿದರೆ ರೋಗಿಯ ಮೇಲೆ ಮೊದಲು ಸಂಶಯ ಬೇಡ, ಅವನ ಮಾತನ್ನು ಕೇಳಿ. ಒಬ್ಬರ ಗುಳಿಗೆಯನ್ನು ನಿದ್ದೆಗೆಂದು ಇನ್ನೊಬ್ಬರಿಗೆ ಕೊಡಬೇಡಿ. ಯಾರಾದರೂ ನುಂಗಿ ಕುತ್ತಿಗೆ ಸೆಟೆದರೆ, ಜ್ವರ ಬಂದು ಮೈ ಬಿಗಿದರೆ, ಎಬ್ಬಿಸಿದರೂ ಏಳದಿದ್ದರೆ ಮಂತ್ರವಾದಿಯ ಹತ್ತಿರ ಹೋಗದೆ 108ಕ್ಕೆ ಕರೆಮಾಡಿ. ಗುಳಿಗೆಯ ಖಾಲಿ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಮನಸ್ಸಿನ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಚಟ ಬಿಡಲು 14446 ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿಡಿ. ನುಂಗಿದ ಮಗನನ್ನು ಹೊಡೆಯಬೇಡಿ, ಮುಚ್ಚಿಡಲೂ ಬೇಡಿ.

ಹಿರಿಯ ಮಗ ಆಸ್ಪತ್ರೆಯಿಂದ ಬಂದ ಮೇಲೆ ಅವರ ಮನೆಗೆ ಹೋದೆ. "ತಮ್ಮಾ, ನಿನ್ನ ಮಾತು ನಂಬಲಿಲ್ಲ, ತಪ್ಪಾತು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡ್ರಿ ಫಾದರ್. ನಂಗೂ ಒಮ್ಮೊಮ್ಮೆ ನನ್ನ ಮಾತು ನಂಬಾಕ ಆಗೂದಿಲ್ಲ" ಎಂದ. ಆ ಮಾತಿಗೆ ನನ್ನ ದೈವಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಈಗ ಡಬ್ಬಿಯ ಕೀಲಿ ತಾಯಿಯ ಹತ್ತಿರ ಇದೆ. ರಾತ್ರಿ ಜಪಸರ ಮುಗಿದ ಮೇಲೆ ಒಂದು ತಂಬಿಗೆ ನೀರು ತಂದು ಅಣ್ಣನ ಪಕ್ಕದಲ್ಲಿ ಕೂರುವ ಕೆಲಸ ತಮ್ಮನದು. ಅದನ್ನು ಅವನಿಗೆ ಯಾರೂ ಒಪ್ಪಿಸಲಿಲ್ಲ, ತಾನಾಗಿಯೇ ವಹಿಸಿಕೊಂಡ.

ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇವೆ. ಮುಂದಿನ ರವಿವಾರದ ಪೂಜೆಯಲ್ಲಿ ಅವರನ್ನು ನೆನೆಯೋಣ. ಪೂಜೆ ಮುಗಿದ ಮೇಲೆ ಅವರ ಬಾಗಿಲಿಗೂ ಹೋಗೋಣ.